ಗ್ಯಾಸ್ ಗೀಸರ್ ಅಳವಡಿಕೆ: ಗಾಳಿಯ ಪೂರೈಕೆ ಮತ್ತು ಸುರಕ್ಷಿತ ಅಂತರ

ಗ್ಯಾಸ್ ಗೀಸರ್ ಎಂಬುದು ದ್ರವೀಕೃತ ಪೆಟ್ರೋಲಿಯಂ ಅನಿಲವನ್ನು, ಅಂದರೆ ಎಲ್‌ಪಿಜಿಯನ್ನು, ಉರಿಸಿ ಹರಿಯುವ ನೀರನ್ನು ಆ ಕ್ಷಣದಲ್ಲಿಯೇ ಕಾಯಿಸುವ ಗೃಹೋಪಯೋಗಿ ಸಾಧನ. ಕೊಳವೆಯ ಮೂಲಕ ನೈಸರ್ಗಿಕ ಅನಿಲ ಪೂರೈಕೆಯಿರುವ ಬೆಂಗಳೂರಿನಂತಹ ನಗರಗಳಲ್ಲಿ ಆ ಅನಿಲದಿಂದ ನಡೆಯುವ ಮಾದರಿಗಳೂ ಬಳಕೆಯಲ್ಲಿವೆ. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ‘ಬಾಯ್ಲರ್’ ಎಂದರೆ ಸೌದೆ ಹಾಕಿ ಉರಿಸುವ ತಾಮ್ರದ ಇಲ್ಲವೇ ಉಕ್ಕಿನ ಹಂಡೆಯೆಂದೇ ಅರ್ಥವಾಗುವುದರಿಂದ, ಗೋಡೆಗೆ ತೂಗುಹಾಕುವ ಈ ಅನಿಲ ಸಾಧನವನ್ನು ಈ ಲೇಖನದಲ್ಲಿ ಗ್ಯಾಸ್ ಗೀಸರ್ ಎಂದೇ ಕರೆಯಲಾಗಿದೆ. ಇದರ ಅಳವಡಿಕೆಯಲ್ಲಿ ಎರಡು ವಿಷಯಗಳು ಪ್ರಾಣಕ್ಕೆ ಸಂಬಂಧಿಸಿದವು. ಉರಿಗೆ ಬೇಕಾದ ಗಾಳಿ ಎಲ್ಲಿಂದ ಬರುತ್ತದೆ ಎಂಬುದು ಮೊದಲನೆಯದು. ಉರಿದ ಅನಿಲ ಎಲ್ಲಿಗೆ ಹೋಗುತ್ತದೆ ಎಂಬುದು ಎರಡನೆಯದು. ಸಾಧನಕ್ಕೂ ಗೋಡೆ, ಚಾವಣಿ, ಕಿಟಕಿ, ಸಿಲಿಂಡರುಗಳಿಗೂ ನಡುವೆ ಬಿಡಬೇಕಾದ ಅಂತರಗಳೆಲ್ಲ ಬಹುಪಾಲು ಈ ಎರಡು ಪ್ರಶ್ನೆಗಳಿಂದಲೇ ಹುಟ್ಟುತ್ತವೆ.

ಹೆಸರು ಮತ್ತು ಹಿನ್ನೆಲೆ

1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ಎಂಬ ಬಣ್ಣಗಾರನು ಅನಿಲದ ಉರಿಯಿಂದ ಸ್ನಾನದ ನೀರನ್ನು ತತ್‌ಕ್ಷಣ ಕಾಯಿಸುವ ಯಂತ್ರವೊಂದನ್ನು ರೂಪಿಸಿ, ಐಸ್‌ಲ್ಯಾಂಡಿನ ಬಿಸಿನೀರಿನ ಬುಗ್ಗೆಯ ನೆನಪಿಗೆ ಅದಕ್ಕೆ ‘ಗೀಸರ್’ ಎಂದು ಹೆಸರಿಟ್ಟನು. ಉರಿದ ಅನಿಲವನ್ನು ಹೊರಕ್ಕೆ ಸಾಗಿಸುವ ಹೊಗೆಕೊಳವೆ ಆ ಯಂತ್ರಕ್ಕೆ ಇರಲಿಲ್ಲ. ಒಂದೂವರೆ ಶತಮಾನ ಕಳೆದ ಮೇಲೂ ನಮ್ಮ ಅಂಗಡಿಗಳಲ್ಲಿ ಮಾರಾಟವಾಗುವ ಅಗ್ಗದ ಮಾದರಿಗಳು ಈ ಒಂದು ವಿಷಯದಲ್ಲಿ ಮಾನ್‌ನ ಯಂತ್ರದ ಸಂತತಿಯೇ ಆಗಿವೆ. ಭಾರತದಲ್ಲಿ ಗೃಹಬಳಕೆಯ ಸಣ್ಣ ಎಲ್‌ಪಿಜಿ ಗೀಸರುಗಳಿಗೆ ಭಾರತೀಯ ಮಾನಕ ಬ್ಯೂರೋ ಐಎಸ್ 15558 ಎಂಬ ಮಾನಕವನ್ನು 2005ರಲ್ಲಿ ಪ್ರಕಟಿಸಿತು. ಐಎಸ್‌ಐ ಗುರುತು ಸಾಧನದ ತಯಾರಿಕೆಗೆ ಸಂಬಂಧಿಸಿದ್ದು. ಅದನ್ನು ಗಾಳಿಯಾಡದ ಕೋಣೆಯಲ್ಲಿ ಕೂರಿಸಿದರೆ ಆ ಗುರುತಿನಿಂದ ರಕ್ಷಣೆ ದೊರೆಯದು.

ಉರಿಗೆ ಬೇಕಾಗುವ ಗಾಳಿ

ಎಲ್‌ಪಿಜಿ ಮುಖ್ಯವಾಗಿ ಪ್ರೋಪೇನ್ ಮತ್ತು ಬ್ಯೂಟೇನ್ ಅನಿಲಗಳ ಮಿಶ್ರಣ. ಒಂದು ಪಾಲು ಪ್ರೋಪೇನ್ ಪೂರ್ತಿಯಾಗಿ ಉರಿಯಲು ಸುಮಾರು 24 ಪಾಲು ಗಾಳಿ ಬೇಕು. ಬ್ಯೂಟೇನಿಗೆ ಸುಮಾರು 31 ಪಾಲು. ಅಷ್ಟು ಗಾಳಿ ದೊರೆತಾಗ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಉಂಟಾಗುತ್ತವೆ. ಗಾಳಿ ಸಾಲದಾದಾಗ ಉರಿ ಆರಿಹೋಗುವುದಿಲ್ಲ, ಕೆಟ್ಟದಾಗಿ ಉರಿಯುತ್ತದೆ. ಆಗ ಇಂಗಾಲದ ಒಂದು ಭಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಾಗಿ ಹೊರಬರುತ್ತದೆ.

ಪ್ರಮಾಣಗಳನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಏಕೆಂದರೆ ಗೋಡೆಯ ಮೇಲಿನ ಆ ಚಿಕ್ಕ ಪೆಟ್ಟಿಗೆ ಅಡಿಗೆಯ ಒಲೆಯಷ್ಟೇ ಅನಿಲವನ್ನು ಉರಿಸುತ್ತದೆ ಎಂಬುದು ಸಾಮಾನ್ಯ ಭಾವನೆ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಮಾಡಲು ಸುಮಾರು 10.5 ಕಿಲೋವ್ಯಾಟ್ ಶಾಖ ನೀರಿಗೆ ತಲುಪಬೇಕು. ವ್ಯರ್ಥವಾಗುವ ಶಾಖವನ್ನೂ ಸೇರಿಸಿದರೆ ಉರಿಯ ಸಾಮರ್ಥ್ಯ 12.5 ಕಿಲೋವ್ಯಾಟ್‌ನ ಆಸುಪಾಸಿಗೆ ಬರುತ್ತದೆ. ಅಡಿಗೆ ಒಲೆಯ ಒಂದು ಉರಿ ಸುಮಾರು 2 ಕಿಲೋವ್ಯಾಟ್. ಅಂದರೆ ಸ್ನಾನದ ಮನೆಯಲ್ಲಿ ಆರು ಒಲೆಗಳನ್ನು ಒಟ್ಟಿಗೆ ಹೊತ್ತಿಸಿ ಬಾಗಿಲು ಮುಚ್ಚಿಕೊಂಡಂತೆ. ಈ ವೇಗದಲ್ಲಿ ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೋಗ್ರಾಂ ಅನಿಲ ಖರ್ಚಾಗುತ್ತದೆ. ಒಂದು ಕಿಲೋಗ್ರಾಂ ಅನಿಲ ಪೂರ್ತಿಯಾಗಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು.

ಈಗ ಐದು ಅಡಿ ಅಗಲ, ಏಳು ಅಡಿ ಉದ್ದ, ಎಂಟು ಅಡಿ ಎತ್ತರದ ಒಂದು ಸ್ನಾನದ ಕೋಣೆಯನ್ನು ಊಹಿಸಿಕೊಳ್ಳೋಣ. ಅದರೊಳಗಿನ ಗಾಳಿ ಸುಮಾರು 8 ಘನ ಮೀಟರ್. ಹೊರಗಿನಿಂದ ಗಾಳಿ ಎಳ್ಳಷ್ಟೂ ಬಾರದಿದ್ದರೆ, ಐದೇ ನಿಮಿಷಗಳಲ್ಲಿ ಕೋಣೆಯ ಆಮ್ಲಜನಕ ಶೇ 21ರಿಂದ ಶೇ 18ರ ಹತ್ತಿರಕ್ಕೆ ಇಳಿಯುತ್ತದೆ. ಹದಿನೈದು ನಿಮಿಷ ಹಾಗೆಯೇ ಉರಿದರೆ ಅದು ಶೇ 12–13ಕ್ಕೆ ಮುಟ್ಟಬೇಕು. ವಾಸ್ತವದಲ್ಲಿ ಯಾವ ಕೋಣೆಯೂ ಸಂಪೂರ್ಣ ಬಿಗಿಯಲ್ಲ, ಬಾಗಿಲ ಸಂದಿಯಿಂದ ಒಂದಿಷ್ಟು ಗಾಳಿ ನುಸುಳುತ್ತದೆ. ಆದರೆ ಅಪಾಯ ಶುರುವಾಗಲು ಶೇ 12ರವರೆಗೆ ಕಾಯಬೇಕಾಗಿಲ್ಲ. ಆಮ್ಲಜನಕ ಶೇ 18–19ಕ್ಕೆ ಇಳಿದಾಗಲೇ ಉರಿಯಿಂದ ಬರುವ ಕಾರ್ಬನ್ ಮಾನಾಕ್ಸೈಡಿನ ಪ್ರಮಾಣ ತೀವ್ರವಾಗಿ ಏರತೊಡಗುತ್ತದೆ. ಇದರ ಜೊತೆಗೆ ಉರಿದ ಬಿಸಿ ಅನಿಲ ಮೇಲಕ್ಕೆ ಹೋಗಿ ಚಾವಣಿಯ ಕೆಳಗೆ ಸೇರುತ್ತದೆ, ಪದರು ದಪ್ಪವಾಗುತ್ತ ಕೆಳಗಿಳಿಯುತ್ತದೆ, ಎತ್ತರದಲ್ಲಿ ತೂಗುಹಾಕಿದ ಗೀಸರ್ ಅದೇ ಕೆಟ್ಟ ಗಾಳಿಯನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ.

ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿರುವ ಕೋಲಾರದ ಪ್ರಸ್ಥಭೂಮಿಯಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಸ್ವಲ್ಪ ಕಡಿಮೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಮೇಲೆ ಹೇಳಿದ ಗಾತ್ರಕ್ಕಿಂತ ಇಲ್ಲಿ ತುಸು ಹೆಚ್ಚೇ ಗಾಳಿ ಬೇಕಾಗುತ್ತದೆ.

ಸೋರಿಕೆ ಬೇರೆ, ವಿಷಾನಿಲ ಬೇರೆ

2023ರ ಜೂನ್‌ನಲ್ಲಿ ಬೆಂಗಳೂರಿನ ಚಿಕ್ಕಜಾಲ ಪೊಲೀಸ್ ಠಾಣೆಯ ವ್ಯಾಪ್ತಿಯಲ್ಲಿ ಯುವ ಜೋಡಿಯೊಂದು, 2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಇಬ್ಬರು ಸಹೋದರಿಯರು ಸ್ನಾನದ ಮನೆಯಲ್ಲಿ ಮೃತಪಟ್ಟ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ಎರಡರಲ್ಲಿಯೂ ಗ್ಯಾಸ್ ಗೀಸರಿನ ಹೆಸರು ಕೇಳಿಬಂತು. ಇಂತಹ ವರದಿಗಳ ತಲೆಬರಹದಲ್ಲಿ ‘ಗ್ಯಾಸ್ ಸೋರಿಕೆ’ ಎಂಬ ಮಾತು ಸಾಮಾನ್ಯ. ಈ ಪದಬಳಕೆಯಿಂದ ಓದುಗರಿಗೆ ತಪ್ಪು ತಿಳಿವಳಿಕೆ ಉಂಟಾಗುತ್ತದೆ ಎಂಬುದನ್ನು ಒತ್ತಿ ಹೇಳಬೇಕಾಗಿದೆ.

ಸಿಲಿಂಡರಿನ ಅನಿಲಕ್ಕೆ ತನ್ನದೇ ವಾಸನೆಯಿಲ್ಲ. ಸೋರಿಕೆ ಗೊತ್ತಾಗಲೆಂದು ಅದಕ್ಕೆ ಈಥೈಲ್ ಮರ್‌ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಅನಿಲ ಉರಿದಾಗ ಆ ವಸ್ತುವೂ ಉರಿದುಹೋಗುತ್ತದೆ. ಹೀಗಾಗಿ ಉರಿಯಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿ ಕೆಮ್ಮುಗಳೂ ಇಲ್ಲ. ರೆಗ್ಯುಲೇಟರ್, ಕೊಳವೆ, ಗೀಸರ್ ಎಲ್ಲವೂ ಸುಸ್ಥಿತಿಯಲ್ಲಿದ್ದು ಒಂದು ಹನಿ ಅನಿಲವೂ ಸೋರದ ಮನೆಯಲ್ಲಿ ಸಾವು ಸಂಭವಿಸಬಹುದು. ಸೋಪಿನ ನೀರು ಹಚ್ಚಿ ಗುಳ್ಳೆ ಬರುವುದಿಲ್ಲವೆಂದು ಖಚಿತಪಡಿಸಿಕೊಂಡವರು ಸೋರಿಕೆಯಿಲ್ಲ ಎಂಬುದನ್ನು ಮಾತ್ರ ತಿಳಿದುಕೊಂಡಂತಾಯಿತು.

ಸೌದೆಯ ಒಲೆಯಲ್ಲಿಯೂ ಇದೇ ವಿಷಾನಿಲ ಉತ್ಪತ್ತಿಯಾಗುತ್ತದೆ. ಆದರೆ ಅದರೊಂದಿಗೆ ಬರುವ ಹೊಗೆ ಕಣ್ಣಲ್ಲಿ ನೀರು ತರಿಸಿ ಮನುಷ್ಯನನ್ನು ಹೊರಗೆ ಓಡಿಸುತ್ತದೆ. ಹೊಗೆಯನ್ನು ಶಪಿಸುತ್ತ ಬದುಕಿದ ತಲೆಮಾರುಗಳಿಗೆ ಅದು ಕಾವಲುಗಾರನೂ ಆಗಿತ್ತು.

ಟೇಕಲ್ ಸೀಮೆಯ ಮನೆಗಳು

ಟೇಕಲ್ ಮಾಲೂರು ತಾಲ್ಲೂಕಿನ ಹೋಬಳಿ ಕೇಂದ್ರ. ಬೆಂಗಳೂರು–ಚೆನ್ನೈ ರೈಲುಮಾರ್ಗದಲ್ಲಿ ಮಾಲೂರು ಮತ್ತು ಬಂಗಾರಪೇಟೆಗಳ ನಡುವೆ ಬರುತ್ತದೆ. ಸುತ್ತಲೂ ಬಂಡೆಗಲ್ಲಿನ ಬೆಟ್ಟಗಳು. ಇಲ್ಲಿನ ಹಳೆಯ ಮನೆಗಳ ಗೋಡೆಗೆ ಕಲ್ಲು, ಮಾಡಿಗೆ ಕಲ್ಲುಚಪ್ಪಡಿ ಇಲ್ಲವೇ ಹಂಚು. ಮಾಲೂರು ಹಂಚು ಇಟ್ಟಿಗೆಗಳಿಗೆ ಹೆಸರಾದ ಊರು. ಹಂಚಿನ ಮಾಡಿನ ಸಂದುಸಂದಿನಲ್ಲಿಯೂ ಗಾಳಿಯಾಡುತ್ತದೆ. ಬಚ್ಚಲುಮನೆ ಹೆಚ್ಚಾಗಿ ಹಿತ್ತಲ ಕಡೆಗೆ ಇರುತ್ತಿತ್ತು. ಹಂಡೆಯ ಒಲೆಗೆ ಸೌದೆಯನ್ನು ಅನೇಕ ಮನೆಗಳಲ್ಲಿ ಹೊರಗಿನಿಂದಲೇ ತಳ್ಳುತ್ತಿದ್ದರು. ಹೊಗೆಗೆ ಮೇಲೆ ಗವಾಕ್ಷಿ. ನೀಲಗಿರಿ ಸೌದೆ, ಹಿಪ್ಪುನೇರಳೆ ಕಡ್ಡಿಗಳೇ ಉರುವಲು. ಕಟ್ಟಿದವರು ವಾತಾಯನದ ಶಾಸ್ತ್ರವನ್ನು ಓದಿದ್ದರೆಂದಲ್ಲ. ಹೊಗೆ ತಡೆಯಲಾರದೆ ಗಾಳಿಗೆ ದಾರಿ ಬಿಟ್ಟಿದ್ದರು.

ಇಂದಿನ ಮನೆಗಳಿಗೆ ಕಾಂಕ್ರೀಟ್ ಚಾವಣಿ, ಮಲಗುವ ಕೋಣೆಗೆ ಅಂಟಿದ ಸ್ನಾನಗೃಹ, ನೆಲದವರೆಗೆ ಹೆಂಚುಕಲ್ಲು, ರಬ್ಬರು ಪಟ್ಟಿಯಿರುವ ಬಿಗಿಯಾದ ಕಿಟಕಿ, ಪ್ಲಾಸ್ಟಿಕ್ ಬಾಗಿಲು. ಇದ್ದೊಂದು ವೆಂಟಿಲೇಟರಿಗೆ ಸೊಳ್ಳೆಪರದೆ. ಮಾರ್ಗಶಿರ ಪುಷ್ಯಗಳ ಚಳಿಯಲ್ಲಿ ಆ ವೆಂಟಿಲೇಟರಿನ ಗಾಜಿನ ಪಟ್ಟಿಗಳ ಸಂದಿಗೆ ರಟ್ಟನ್ನೋ ಹಳೆಯ ಪತ್ರಿಕೆಯನ್ನೋ ತುರುಕುವುದು ವಾಡಿಕೆ. ನೀರು ಬಿಸಿಯಾಗಿ ಬೇಕೆನಿಸುವ ದಿನಗಳೂ ಗಾಳಿಯ ದಾರಿ ಮುಚ್ಚುವ ದಿನಗಳೂ ಒಂದೇ ಆಗಿರುವುದು ಈ ಸಾಧನದ ದುರ್ದೈವ. ಇದೇ ಜಿಲ್ಲೆಯ ಕೆ.ಜಿ.ಎಫ್.ನಲ್ಲಿ, 2001ರಲ್ಲಿ ಗಣಿ ಮುಚ್ಚುವವರೆಗೆ, ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಗಾಳಿಯನ್ನು ತಲುಪಿಸಿ ಜನರನ್ನು ದುಡಿಸಿದ್ದುಂಟು. ಸ್ನಾನದ ಮನೆಗೆ ಬೇಕಾಗಿರುವುದು ಗೋಡೆಯಲ್ಲಿ ಎರಡು ರಂಧ್ರ.

ಗೀಸರನ್ನು ಎಲ್ಲಿ ಕೂರಿಸಬೇಕು

ಹೊಗೆಕೊಳವೆಯಿಲ್ಲದ ಗೀಸರಿಗೆ ಸರಿಯಾದ ಸ್ಥಳ ಸ್ನಾನದ ಮನೆಯ ಹೊರಗೋಡೆ. ಹಿತ್ತಲು, ತೆರೆದ ಬಾಲ್ಕನಿ ಅಥವಾ ಪಾತ್ರೆ ತೊಳೆಯುವ ತೆರೆದ ಅಂಗಳದ ಗೋಡೆಗೆ ಅದನ್ನು ಕೂರಿಸಿ, ಬಿಸಿನೀರಿನ ಕೊಳವೆಯನ್ನು ಮಾತ್ರ ಗೋಡೆ ಕೊರೆದು ಒಳಗೆ ತರಬೇಕು. ನಾಲ್ಕಾರು ಅಡಿ ಹೆಚ್ಚುವರಿ ಕೊಳವೆಯ ಖರ್ಚಿನಲ್ಲಿ ಅಪಾಯದ ಬಹುಭಾಗ ನಿವಾರಣೆಯಾಗುವುದರಿಂದ, ಹಿತ್ತಲಿರುವ ಹಳ್ಳಿಯ ಮನೆಗಳಲ್ಲಿ ಬೇರೆ ಉಪಾಯ ಹುಡುಕುವ ಅಗತ್ಯವೇ ಇಲ್ಲ. ಮಳೆಯ ಎರಚಲು ತಾಗದಂತೆ ಮೇಲೊಂದು ಸಜ್ಜೆ ಇರಲಿ. ಆದರೆ ಗಾಳಿಗೆ ಉರಿ ಆರುತ್ತದೆಂದು ಸುತ್ತಲೂ ಪ್ಲಾಸ್ಟಿಕ್ ಹಾಳೆ ಕಟ್ಟಿದರೆ ಹೊರಗಿಟ್ಟ ಪ್ರಯೋಜನ ಹೋಯಿತು. ಬಹುಮಹಡಿ ಕಟ್ಟಡಗಳ ನಡುವಿನ ಇಕ್ಕಟ್ಟಾದ ಗಾಳಿಬಾವಿಯನ್ನು ‘ಹೊರಗೆ’ ಎಂದು ಎಣಿಸಲಾಗದು. ಅಲ್ಲಿ ಬಿಟ್ಟ ಅನಿಲ ಮೇಲಿನ ಮನೆಯವರ ಕಿಟಕಿಯೊಳಕ್ಕೆ ಹೋಗುತ್ತದೆ.

ಬ್ರಿಟನ್ನಿನ 1998ರ ಅನಿಲ ಸುರಕ್ಷತಾ ನಿಯಮಗಳ ಪ್ರಕಾರ ಸ್ನಾನದ ಕೋಣೆಯಲ್ಲಿ ಹೊಸದಾಗಿ ಕೂರಿಸುವ ಅನಿಲ ಸಾಧನವು ಕೋಣೆಯಿಂದ ಸಂಪೂರ್ಣ ಬೇರ್ಪಟ್ಟ ಮಾದರಿಯದಾಗಿರಬೇಕು. ಅಂದರೆ ಅದು ಗಾಳಿಯನ್ನು ಕೊಳವೆಯ ಮೂಲಕ ಹೊರಗಿನಿಂದಲೇ ಪಡೆದು, ಉರಿದ ಅನಿಲವನ್ನು ಹೊರಕ್ಕೇ ಬಿಡಬೇಕು. ಕೋಣೆಯ ಗಾಳಿಯನ್ನು ಮುಟ್ಟಬಾರದು. ಕೊಳವೆಯಿಲ್ಲದ ತತ್‌ಕ್ಷಣದ ಗೀಸರುಗಳನ್ನು ಬೇರೆ ಕೋಣೆಗಳಲ್ಲಿ ಇಡುವುದಕ್ಕೂ ಅಲ್ಲಿನ ಮಾನಕ ಮಿತಿ ಹಾಕಿದೆ: ಸಾಮರ್ಥ್ಯ 11 ಕಿಲೋವ್ಯಾಟ್ ಮೀರಬಾರದು, 5 ಘನ ಮೀಟರಿಗಿಂತ ಚಿಕ್ಕ ಕೋಣೆಯಲ್ಲಿ ಇಡಲೇಬಾರದು, 5ರಿಂದ 10 ಘನ ಮೀಟರಿನ ಕೋಣೆಗೆ 100 ಚದರ ಸೆಂಟಿಮೀಟರಿನ ಸದಾ ತೆರೆದ ಗಾಳಿಕಿಂಡಿ ಬೇಕು, ಜೊತೆಗೆ ತೆರೆಯಬಲ್ಲ ಕಿಟಕಿಯೂ ಇರಬೇಕು. ನಮ್ಮಲ್ಲಿ ಮೇಲೆ ಲೆಕ್ಕ ಹಾಕಿದ 8 ಘನ ಮೀಟರಿನ ಸ್ನಾನದ ಮನೆಯೊಳಗೇ ಇದಕ್ಕಿಂತ ದೊಡ್ಡ ಉರಿಯನ್ನು ಇಡುತ್ತಿರುವುದನ್ನು ಈ ಅಳತೆಯೊಂದಿಗೆ ಹೋಲಿಸಿ ನೋಡಬಹುದು.

ಗಾಳಿಕಿಂಡಿ ಮತ್ತು ಪಂಖ

ಗೀಸರ್ ಈಗಾಗಲೇ ಒಳಗಿದ್ದು ತಕ್ಷಣ ಸ್ಥಳಾಂತರಿಸಲಾಗದಿದ್ದಲ್ಲಿ ಎರಡು ಕಿಂಡಿಗಳು ಅನಿವಾರ್ಯ. ನೆಲದ ಹತ್ತಿರ ಒಂದು, ಚಾವಣಿಯ ಹತ್ತಿರ ಒಂದು. ಕೆಳಗಿನದರಿಂದ ತಂಪು ಗಾಳಿ ಒಳಬರುತ್ತದೆ, ಮೇಲಿನದರಿಂದ ಬಿಸಿ ಅನಿಲ ಹೊರಹೋಗುತ್ತದೆ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರವಾದುದರಿಂದ, ಒಂದು ವೇಳೆ ಸೋರಿದರೂ ಕೆಳಗಿನ ಕಿಂಡಿ ಉಪಯೋಗಕ್ಕೆ ಬರುತ್ತದೆ. ಎರಡೂ ಹೊರಗಿನ ಬಯಲಿಗೆ ತೆರೆದಿರಬೇಕು; ಮಲಗುವ ಕೋಣೆಯ ಕಡೆಗಲ್ಲ. ಮುಚ್ಚಲು ಬರುವ ಬಾಗಿಲನ್ನು ಅವಕ್ಕೆ ಇಡಬಾರದು, ಏಕೆಂದರೆ ಮುಚ್ಚಲು ಬರುವುದನ್ನು ಚಳಿಗಾಲದಲ್ಲಿ ಯಾರಾದರೊಬ್ಬರು ಮುಚ್ಚಿಯೇ ಮುಚ್ಚುತ್ತಾರೆ. ನವುರಾದ ಸೊಳ್ಳೆಜಾಲರಿಯು ಕಿಂಡಿಯ ನಿಜವಾದ ತೆರವನ್ನು ಗಣನೀಯವಾಗಿ ಕುಗ್ಗಿಸುತ್ತದೆ. ಧೂಳು ಮತ್ತು ಸಾಬೂನಿನ ಜಿಡ್ಡು ಹಿಡಿದ ಮೇಲೆ ಬಹುಪಾಲು ಮುಚ್ಚಿಯೇ ಬಿಡುತ್ತದೆ. ಕಲ್ಲು ಒಡೆಯುವ ಬೆಟ್ಟಗಳ ಸಮೀಪದ ಊರುಗಳಲ್ಲಿ ಈ ಧೂಳಿನ ಮಾತು ಬರಿಯ ಎಚ್ಚರಿಕೆಯಲ್ಲ. ಜಾಲರಿಯ ಕಣ್ಣು ದೊಡ್ಡದಿರಬೇಕು, ತಿಂಗಳಿಗೊಮ್ಮೆ ಬ್ರಶ್ ತಾಗಬೇಕು.

ಎಕ್ಸಾಸ್ಟ್ ಪಂಖವೊಂದಿದ್ದರೆ ಸಾಕೆಂಬ ನಂಬಿಕೆ ವ್ಯಾಪಕವಾಗಿದೆ. ಒಳಗೆ ಗಾಳಿ ಬರಲು ದಾರಿಯಿಲ್ಲದಿದ್ದರೆ ಪಂಖ ತಿರುಗುತ್ತದೆಯೇ ಹೊರತು ಗಾಳಿ ಚಲಿಸುವುದಿಲ್ಲ. ಇನ್ನೊಂದು ಮುಖ್ಯ ಅಂಶವೆಂದರೆ, ಇಂತಹ ಗೀಸರುಗಳ ಕಿಡಿ ಹೊತ್ತುವುದು ಸಾಮಾನ್ಯವಾಗಿ ಒಣ ಬ್ಯಾಟರಿಯಿಂದ. ವಿದ್ಯುತ್ ಹೋದಾಗ ಪಂಖ ನಿಲ್ಲುತ್ತದೆ, ಗೀಸರ್ ಮಾತ್ರ ಉರಿಯುತ್ತಲೇ ಇರುತ್ತದೆ. ಹೊಗೆಕೊಳವೆಯುಳ್ಳ ಮಾದರಿಯಲ್ಲಂತೂ ಪಂಖವೇ ಶತ್ರುವಾಗಬಹುದು: ಮುಚ್ಚಿದ ಕೋಣೆಯ ಗಾಳಿಯನ್ನು ಅದು ಬಲವಾಗಿ ಹೊರಗೆಳೆದರೆ, ಕೊಳವೆಯಲ್ಲಿ ಮೇಲೇರಬೇಕಾದ ಅನಿಲ ಹಿಮ್ಮುಖವಾಗಿ ಕೋಣೆಯೊಳಕ್ಕೆ ಇಳಿಯುತ್ತದೆ.

ಅಂತರಗಳು

ಗೀಸರಿನ ಮೇಲೆ, ಬದಿಗಳಲ್ಲಿ ಮತ್ತು ಮುಂದೆ ಬಿಡಬೇಕಾದ ಅಂತರ ಮಾದರಿಯಿಂದ ಮಾದರಿಗೆ ಭಿನ್ನ. ತಯಾರಕರ ಕೈಪಿಡಿಯಲ್ಲಿ ಮುದ್ರಿತವಾದ ಅಳತೆಯೇ ಅಂತಿಮ. ಅವುಗಳ ಉದ್ದೇಶ ತಿಳಿದಿದ್ದರೆ ತಪ್ಪುವುದು ಕಡಿಮೆ. ಮೇಲ್ಭಾಗದಿಂದ ಹೊರಬರುವ ಅನಿಲ ಬಹಳ ಬಿಸಿಯಾಗಿದ್ದು, ಅಲ್ಲಿ ಮರದ ಹಲಗೆ, ಪ್ಲಾಸ್ಟಿಕ್ ಕೊಳವೆ, ವಿದ್ಯುತ್ ತಂತಿ ಯಾವುದೂ ಇರಬಾರದು. ಅಟ್ಟದ ಕೆಳಗೆ ಒತ್ತಿ ಕೂರಿಸಿದರೆ ಅನಿಲದ ಹರಿವೇ ತಡೆಯುತ್ತದೆ. ಕೆಳಗಿನಿಂದ ಉರಿಗೆ ಗಾಳಿ ಏರಬೇಕಾದ ಕಾರಣ, ಗೀಸರಿನ ತಳಕ್ಕೆ ಬಟ್ಟೆ ನೇತುಹಾಕುವ ಕಡ್ಡಿ ಬಡಿಯಬಾರದು. ಉರಿ ಕಾಣುವ ಕಿಂಡಿ ನಿಂತವರ ಕಣ್ಣಿನ ಮಟ್ಟಕ್ಕೆ ಬರುವಂತಿದ್ದರೆ ಉರಿಯ ಬಣ್ಣವನ್ನು ಗಮನಿಸುವುದು ಸುಲಭ. ಪರದೆ, ಟವೆಲು, ಸಾಬೂನಿನ ಪ್ಲಾಸ್ಟಿಕ್ ಗೂಡು ಇವೆಲ್ಲ ದೂರವಿರಬೇಕು. ಹೊರಗೋಡೆಗೆ ಕೂರಿಸುವಾಗಲೂ ಮಲಗುವ ಕೋಣೆಯ ಕಿಟಕಿಯ ಪಕ್ಕದಲ್ಲಿ ಅಥವಾ ನೇರ ಕೆಳಗೆ ಅದು ಬರಬಾರದು.

ಸಿಲಿಂಡರನ್ನು ಸ್ನಾನದ ಮನೆಯೊಳಗೆ ಇಡಲೇಬಾರದು. ನೆಲಮಟ್ಟದಲ್ಲಿ, ಗಾಳಿಯಾಡುವೆಡೆ, ನೆಟ್ಟಗೆ ನಿಲ್ಲಿಸಬೇಕು. ಭಾರವಾದ ಅನಿಲ ತಗ್ಗಿಗೆ ಹರಿಯುವುದರಿಂದ ಬಚ್ಚಲ ಮೋರಿ, ಸಂಪಿನ ಬಾಯಿ, ನೆಲಮಾಳಿಗೆಗಳಿಂದ ದೂರವಿರಲಿ. ರಬ್ಬರು ಕೊಳವೆ ಐಎಸ್‌ಐ ಗುರುತಿನದಾಗಿದ್ದು, ಒಂದೂವರೆ ಮೀಟರಿಗಿಂತ ಉದ್ದವಿರಬಾರದು, ಅದನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು, ಗೋಡೆಯೊಳಗೆ ಹೂತುಹಾಕಬಾರದು. ದೂರ ಹೆಚ್ಚಿದ್ದರೆ ಲೋಹದ ಕೊಳವೆಯನ್ನು ತಿಳಿದವರಿಂದ ಹಾಕಿಸಬೇಕು. ಎಲ್‌ಪಿಜಿಗೆಂದು ತಯಾರಾದ ಗೀಸರಿಗೆ ನೈಸರ್ಗಿಕ ಅನಿಲವನ್ನು ಹಾಗೆಯೇ ಜೋಡಿಸುವಂತಿಲ್ಲ. ಅನಿಲ ಸೋರಿಕೆಯ ತುರ್ತು ದೂರವಾಣಿ ಸಂಖ್ಯೆ 1906.

ಬಳಕೆ ಮತ್ತು ನಿರ್ವಹಣೆ

ಬಕೆಟ್ಟಿನಲ್ಲಿ ನೀರು ಹಿಡಿದು ಸ್ನಾನ ಮಾಡುವ ನಮ್ಮ ಪದ್ಧತಿ ಇಲ್ಲಿ ವರವಾಗಿ ಒದಗುತ್ತದೆ. ನಿಮಿಷಕ್ಕೆ 6 ಲೀಟರಿನಂತೆ 20 ಲೀಟರಿನ ಬಕೆಟ್ಟು ನಾಲ್ಕು ನಿಮಿಷದೊಳಗೆ ತುಂಬುತ್ತದೆ. ಬಾಗಿಲು ತೆರೆದಿಟ್ಟೇ ನೀರು ಹಿಡಿದು, ಗೀಸರ್ ಆರಿಸಿ, ಕೆಲವು ನಿಮಿಷ ಗಾಳಿಯಾಡಲು ಬಿಟ್ಟು, ಅನಂತರ ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಉರಿಯುವ ಗೀಸರಿನೊಡನೆ ಕೋಣೆ ಹಂಚಿಕೊಳ್ಳುವ ಪ್ರಸಂಗವೇ ಬರುವುದಿಲ್ಲ. ಷವರ್ ಸ್ನಾನದಲ್ಲಿ ಈ ಅನುಕೂಲವಿಲ್ಲ.

ಹಬ್ಬದ ದಿನಗಳ ಬಗ್ಗೆ ಬೇರೆಯೇ ಹೇಳಬೇಕು. ನೀರು ತುಂಬುವ ಹಬ್ಬದ ಮರುದಿನ, ನರಕ ಚತುರ್ದಶಿಯ ನಸುಕಿನಲ್ಲಿ, ಮನೆಮಂದಿಯೆಲ್ಲ ಸಾಲಾಗಿ ಎಣ್ಣೆಸ್ನಾನ ಮಾಡುವಾಗ ಗೀಸರಿಗೆ ಬಿಡುವಿರುವುದಿಲ್ಲ. ಮೊದಲನೆಯವರಿಗೆ ಏನೂ ಆಗದಿರಬಹುದು; ಅವರು ಬಿಟ್ಟುಹೋದ ಗಾಳಿಯನ್ನು ಮೂರನೆಯವರೋ ನಾಲ್ಕನೆಯವರೋ ಉಸಿರಾಡುತ್ತಾರೆ. ಸಾಲಿನ ಕೊನೆಗೆ ಉಳಿಯುವವರು ಬಹುತೇಕ ಮನೆಯ ಹೆಂಗಸರೇ. ಹಲವು ಮಾದರಿಗಳಲ್ಲಿ ಸುಮಾರು 20 ನಿಮಿಷಕ್ಕೆ ತಾನಾಗಿ ಆರುವ ವ್ಯವಸ್ಥೆಯಿದೆ, ಆದರೆ ನಲ್ಲಿ ತಿರುಗಿಸಿದೊಡನೆ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಆಮ್ಲಜನಕ ಕಡಿಮೆಯಾದಾಗ ಆರಿಸುವ ಸಂವೇದಕವಿರುವ ಮಾದರಿ ದೊರೆತರೆ ಅದನ್ನೇ ಆರಿಸಿಕೊಳ್ಳುವುದು ಲೇಸು.

ಕೋಲಾರ ಜಿಲ್ಲೆಯ ಕೊಳವೆಬಾವಿಗಳ ಗಡಸುನೀರು ಗೀಸರಿನ ತಾಮ್ರದ ಸುರುಳಿಯೊಳಗೆ ಸುಣ್ಣದ ಪದರು ಕಟ್ಟುತ್ತದೆ. ಹೊರಗೆ ರೆಕ್ಕೆಗಳ ನಡುವೆ ಮಸಿ ಕೂರುತ್ತದೆ. ಆ ಸಂದುಗಳು ಮುಚ್ಚಿದಷ್ಟೂ ಉರಿದ ಅನಿಲಕ್ಕೆ ಹೋಗುವ ದಾರಿ ಕಿರಿದಾಗಿ ಉರಿ ಇನ್ನಷ್ಟು ಕೆಡುತ್ತದೆ. ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮೊದಲು, ಬಿಚ್ಚಿ ಶುಚಿಮಾಡಿಸಬೇಕು. ಹಳದಿ ಉರಿ, ಮೇಲಿನ ಗೋಡೆಯಲ್ಲಿ ಮಸಿ, ಸ್ನಾನದ ನಂತರ ತಲೆನೋವು ಇವುಗಳಲ್ಲಿ ಒಂದು ಕಂಡರೂ ಗೀಸರ್ ಬಳಸುವುದನ್ನು ನಿಲ್ಲಿಸಬೇಕು. ನೀಲಿ ಉರಿ ಒಳ್ಳೆಯ ಲಕ್ಷಣವಾದರೂ ಅದೊಂದನ್ನೇ ನಂಬುವಂತಿಲ್ಲ. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆಗಳು ಮಾರಾಟಕ್ಕಿವೆ. ಅನಿಲ ಸೋರಿಕೆಯ ಗಂಟೆಯನ್ನು ಅದರ ಬದಲಿಗೆ ಕೊಂಡರೆ ಪ್ರಯೋಜನವಿಲ್ಲ.

ವಿಷಬಾಧೆಯ ಲಕ್ಷಣ ಮತ್ತು ಚಿಕಿತ್ಸೆ

ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ರಿಂದ 250 ಪಟ್ಟು ಹೆಚ್ಚು ಬಲವಾಗಿ ಕಾರ್ಬನ್ ಮಾನಾಕ್ಸೈಡನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲುಗಳಲ್ಲಿ ಸೋಲು ಮೊದಲ ಲಕ್ಷಣಗಳು. ಏನೋ ತಪ್ಪಾಗಿದೆಯೆಂದು ತಿಳಿದರೂ ಎದ್ದು ಚಿಲಕ ತೆಗೆಯುವಷ್ಟು ಶಕ್ತಿ ಇರದಿರಬಹುದು. ಆದ್ದರಿಂದ ಹೊರಗಿನಿಂದಲೂ ತೆರೆಯಬಲ್ಲ ಚಿಲಕ ಸ್ನಾನದ ಮನೆಗೆ ಅವಶ್ಯಕ. ಗಾಳಿಯಲ್ಲಿ ಈ ಅನಿಲ 200 ಪಿಪಿಎಂ ಇದ್ದರೆ ಎರಡು ಮೂರು ಗಂಟೆಗಳಲ್ಲಿ ತಲೆನೋವು ಕಾಣಿಸಿಕೊಳ್ಳುತ್ತದೆ. 1600 ಪಿಪಿಎಂ ಇದ್ದರೆ ಇಪ್ಪತ್ತು ನಿಮಿಷಗಳಲ್ಲಿ ಅಸ್ವಸ್ಥತೆ, ಒಂದು ಗಂಟೆಯೊಳಗೆ ಸಾವು ಸಂಭವಿಸಬಹುದು. ಗರ್ಭಿಣಿಯರಿಗೆ, ಅವರ ಗರ್ಭದಲ್ಲಿರುವ ಶಿಶುವಿಗೆ, ಹೃದ್ರೋಗಿಗಳಿಗೆ ಅಪಾಯ ಹೆಚ್ಚು.

ಒಳಗಿರುವವರು ಕೂಗಿಗೆ ಓಗೊಡದಿದ್ದರೆ ಬಾಗಿಲು ಒಡೆದು, ಅನಿಲ ಆರಿಸಿ, ಅವರನ್ನು ಬಯಲಿಗೆ ಎಳೆದು ತರಬೇಕು. ರಕ್ಷಿಸಲು ಹೋದವರು ಅದೇ ಕೋಣೆಯಲ್ಲಿ ನಿಂತು ಉಪಚಾರ ಮಾಡಬಾರದು. 108ಕ್ಕೆ ಕರೆಮಾಡಿ, ಆಂಬುಲೆನ್ಸಿನ ಸಿಬ್ಬಂದಿಗೂ ವೈದ್ಯರಿಗೂ ‘ಗ್ಯಾಸ್ ಗೀಸರ್ ಉರಿಯುತ್ತಿತ್ತು’ ಎಂದು ಸ್ಪಷ್ಟವಾಗಿ ತಿಳಿಸಬೇಕು. ಈ ಒಂದು ವಾಕ್ಯ ಹೇಳದಿದ್ದರೆ ಮೂರ್ಛೆರೋಗವೆಂದೋ ರಕ್ತದೊತ್ತಡ ಇಳಿದಿದೆಯೆಂದೋ ಚಿಕಿತ್ಸೆ ಬೇರೆ ದಾರಿ ಹಿಡಿಯುವ ಸಾಧ್ಯತೆಯಿದೆ. ವೈದ್ಯಕೀಯ ಬರಹಗಳಲ್ಲಿ ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಎಂಬ ಹೆಸರೇ ಹುಟ್ಟಿಕೊಂಡಿರುವುದಕ್ಕೆ ಇಂತಹ ಪ್ರಕರಣಗಳೇ ಕಾರಣ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ವಿಷಾನಿಲ ಹಿಡಿದ ಹಿಮೋಗ್ಲೋಬಿನನ್ನು ಆಮ್ಲಜನಕ ಹಿಡಿದದ್ದೆಂದು ಎಣಿಸಿ ಸಹಜ ಅಂಕಿಯನ್ನೇ ತೋರಿಸುತ್ತದೆ. ರಕ್ತಪರೀಕ್ಷೆಯಿಂದಲೇ ನಿಜ ತಿಳಿಯಬೇಕು. ಸಾಮಾನ್ಯ ಗಾಳಿಯಲ್ಲಿ ರಕ್ತದಲ್ಲಿನ ವಿಷಾನಿಲ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಹಿಡಿದರೆ, ಮುಖವಾಡದ ಮೂಲಕ ಶುದ್ಧ ಆಮ್ಲಜನಕ ಕೊಟ್ಟಾಗ ಒಂದು ಒಂದೂವರೆ ಗಂಟೆ ಸಾಕಾಗುತ್ತದೆ. ಚೇತರಿಸಿಕೊಂಡು ಮನೆಗೆ ಮರಳಿದ ಕೆಲವರಲ್ಲಿ ದಿನಗಳು ಅಥವಾ ವಾರಗಳ ನಂತರ ಮರೆವು, ನಡಿಗೆಯ ತೊಡಕು, ಸ್ವಭಾವದ ಬದಲಾವಣೆ ಕಾಣಿಸಿಕೊಳ್ಳುವುದುಂಟು. ಹಾಗಾಗಿ ಒಂದೆರಡು ತಿಂಗಳವರೆಗೆ ಅವರ ಮೇಲೆ ಮನೆಯವರ ಗಮನವಿರಬೇಕು, ಬದಲಾವಣೆ ಕಂಡರೆ ನರರೋಗ ತಜ್ಞರಲ್ಲಿಗೆ ಕರೆದೊಯ್ಯಬೇಕು.